ಸಾಂಬ್ರಾದಿಂದ ವಿಮಾನ ಹತ್ತುವ ಮುನ್ನ: ಗುರುತಿನ ದಾಖಲೆಗಳನ್ನು ಸಿದ್ಧಪಡಿಸಿಕೊಳ್ಳುವ ಬಗೆ

ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣಕ್ಕೆ ಬರುವವರಲ್ಲಿ ಬೆಳಗಾವಿ ನಗರದವರಷ್ಟೇ ಇರುವುದಿಲ್ಲ. ಗೋಕಾಕ, ಚಿಕ್ಕೋಡಿ, ಅಥಣಿಗಳಿಂದ, ಜಮಖಂಡಿ, ಮುಧೋಳ, ಬಾಗಲಕೋಟೆಗಳಿಂದ, ಕೆಲವೊಮ್ಮೆ ವಿಜಯಪುರ, ಇಂಡಿಯಷ್ಟು ದೂರದಿಂದಲೂ ಜನ ರಾತ್ರಿಯೋ ನಸುಕಿನಲ್ಲೋ ಹೊರಟು ಅಲ್ಲಿಗೆ ತಲುಪುತ್ತಾರೆ. ಇವರಲ್ಲಿ ಅನೇಕರಿಗೆ ಅದು ಮೊದಲ ವಿಮಾನ ಪ್ರಯಾಣ. ಟಿಕೆಟ್ಟಿನ ಹಣ ಕೊಟ್ಟಾಗಿದೆ, ಆ ಕಡೆ ಬೆಂಗಳೂರಿನಲ್ಲಿ ಮಗನೋ ಮಗಳೋ ಕಾಯುತ್ತಿದ್ದಾರೆ. ಆದರೆ ಬಾಗಿಲಲ್ಲಿ ನಿಂತ ಭದ್ರತಾ ಸಿಬ್ಬಂದಿ ಕೇಳುವ ಕಾರ್ಡು ಮನೆಯ ತಿಜೋರಿಯಲ್ಲೇ ಉಳಿದಿದ್ದರೆ ಪ್ರಯಾಣ ಅಲ್ಲಿಗೇ ನಿಲ್ಲುತ್ತದೆ. ವಿಜಯಪುರದಿಂದ ಬಂದವರು ಹಿಂದಿರುಗಿ ಹೋಗಿ ಕಾರ್ಡು ತರುವ ಮಾತೇ ಇಲ್ಲ. ಆದ್ದರಿಂದ ದಾಖಲೆಗಳ ಪರಿಶೀಲನೆಯನ್ನು ನಿಲ್ದಾಣದ ಬಾಗಿಲಿಗೆ ಬಿಡದೆ, ಟಿಕೆಟ್ ತೆಗೆಸುವುದಕ್ಕೂ ಮೊದಲೇ ಮನೆಯಲ್ಲಿ ಕುಳಿತು ಮುಗಿಸಬೇಕು. ಕಾರ್ಡು ಮೊದಲು, ಟಿಕೆಟ್ ಆಮೇಲೆ ಎಂಬ ಕ್ರಮವನ್ನು ಪಾಲಿಸಿದರೆ ಹೆಚ್ಚಿನ ತೊಡಕುಗಳು ಹುಟ್ಟುವುದೇ ಇಲ್ಲ.

ಮೊದಲ ಹೆಜ್ಜೆ: ಯಾವ ಕಾರ್ಡು ನಡೆಯುತ್ತದೆ ಎಂದು ತಿಳಿಯುವುದು

ದೇಶದೊಳಗಿನ ವಿಮಾನ ಪ್ರಯಾಣಕ್ಕೆ ಯಾವ ಗುರುತಿನ ದಾಖಲೆಗಳು ಸಲ್ಲುತ್ತವೆ ಎಂಬುದನ್ನು ಗೊತ್ತುಪಡಿಸಿರುವುದು ಕೇಂದ್ರ ಸರ್ಕಾರದ ನಾಗರಿಕ ವಿಮಾನಯಾನ ಭದ್ರತಾ ಬ್ಯೂರೊ. ಅದು 2017ರ ಅಕ್ಟೋಬರಿನಲ್ಲಿ ಹೊರಡಿಸಿದ ಸುತ್ತೋಲೆಯಲ್ಲಿ ಹತ್ತು ಬಗೆಯ ದಾಖಲೆಗಳನ್ನು ಹೆಸರಿಸಿದೆ. ಪಾಸ್‌ಪೋರ್ಟ್, ಮತದಾರರ ಗುರುತಿನ ಚೀಟಿ, ಆಧಾರ್ ಅಥವಾ ಮೊಬೈಲಿನ ಎಂ-ಆಧಾರ್, ಪ್ಯಾನ್ ಕಾರ್ಡ್ ಮತ್ತು ಚಾಲನಾ ಪರವಾನಗಿ, ಈ ಐದು ಬಹುತೇಕ ಎಲ್ಲರಿಗೂ ಪರಿಚಿತ. ಇವುಗಳ ಜೊತೆಗೆ, ಸೇವೆಯಲ್ಲಿರುವವರಿಗೆ ಅವರ ಸಂಸ್ಥೆ ಕೊಟ್ಟ ಭಾವಚಿತ್ರವಿರುವ ಗುರುತಿನ ಚೀಟಿ, ಸರ್ಕಾರಿ ಶಿಕ್ಷಣ ಸಂಸ್ಥೆ ಕೊಟ್ಟ ವಿದ್ಯಾರ್ಥಿ ಚೀಟಿ, ದೃಢೀಕರಿಸಿದ ಭಾವಚಿತ್ರವಿರುವ ರಾಷ್ಟ್ರೀಕೃತ ಬ್ಯಾಂಕಿನ ಪಾಸ್‌ಬುಕ್, ಭಾವಚಿತ್ರವಿರುವ ಪಿಂಚಣಿ ದಾಖಲೆ ಮತ್ತು ಅಂಗವಿಕಲರ ಗುರುತಿನ ಚೀಟಿ ಇವೂ ಸಲ್ಲುತ್ತವೆ. ಇವುಗಳಲ್ಲಿ ಯಾವುದಾದರೂ ಒಂದಿದ್ದರೆ ಸಾಕು. ಆಧಾರ್ ಒಂದೇ ಕಡ್ಡಾಯ ಎಂಬ ನಂಬಿಕೆ ತಪ್ಪು.

ಪಟ್ಟಿಯಲ್ಲಿ ಏನಿದೆ ಎಂಬುದರಷ್ಟೇ ಏನಿಲ್ಲ ಎಂಬುದೂ ನಮ್ಮ ಭಾಗದವರಿಗೆ ಮುಖ್ಯ. ರೇಷನ್ ಕಾರ್ಡ್ ಈ ಪಟ್ಟಿಯಲ್ಲಿಲ್ಲ. ಅದರ ಮೇಲೆ ಮನೆಯವರ ಭಾವಚಿತ್ರವಿದ್ದರೂ ವಿಮಾನ ನಿಲ್ದಾಣದ ಬಾಗಿಲಲ್ಲಿ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಉದ್ಯೋಗ ಖಾತರಿಯ ಜಾಬ್ ಕಾರ್ಡ್ ಮತ್ತು ಆಯುಷ್ಮಾನ್ ಕಾರ್ಡುಗಳಿಗೂ ಇದೇ ಮಾತು. ಪಾಸ್‌ಬುಕ್ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಸಹಕಾರಿ ಬ್ಯಾಂಕು, ಪತ್ತಿನ ಸಂಘ, ಸೌಹಾರ್ದಗಳಲ್ಲಿ ಖಾತೆ ಇಟ್ಟವರು ಬಹಳ ಜನ. ಆ ಪಾಸ್‌ಬುಕ್ಕಿನ ಮೇಲೆ ಭಾವಚಿತ್ರವಿದ್ದು ಮುದ್ರೆ ಬಿದ್ದಿದ್ದರೂ ಸುತ್ತೋಲೆ ಹೇಳುವುದು ರಾಷ್ಟ್ರೀಕೃತ ಬ್ಯಾಂಕಿನದನ್ನು ಮಾತ್ರ. ಹಾಗೆಯೇ ಖಾಸಗಿ ಇಂಜಿನಿಯರಿಂಗ್ ಅಥವಾ ಮೆಡಿಕಲ್ ಕಾಲೇಜಿನ ವಿದ್ಯಾರ್ಥಿ ಚೀಟಿಯನ್ನೇ ನಂಬಿ ಹೊರಡುವ ಮಕ್ಕಳಿಗೆ ಹಿರಿಯರು ಇದನ್ನು ತಿಳಿಸಬೇಕು. ಸರ್ಕಾರಿ ಸಂಸ್ಥೆಯ ಚೀಟಿಗೆ ಮಾತ್ರ ಅವಕಾಶವಿರುವುದರಿಂದ, ಅವರು ಆಧಾರ್ ಇಲ್ಲವೇ ಚಾಲನಾ ಪರವಾನಗಿಯನ್ನು ಜೊತೆಗೆ ಇಟ್ಟುಕೊಳ್ಳುವುದು ಲೇಸು.

ಯಾವ ದಾಖಲೆಯಾದರೂ ಮೂಲ ಪ್ರತಿಯೇ ಇರಬೇಕು. ಜೆರಾಕ್ಸ್ ಪ್ರತಿ ನಡೆಯುವುದಿಲ್ಲ, ಗೆಜೆಟೆಡ್ ಅಧಿಕಾರಿಯ ಸಹಿ ಹಾಕಿಸಿದ ಜೆರಾಕ್ಸೂ ನಡೆಯುವುದಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಮನೆಯವರು ಕಳಿಸಿದ ಕಾರ್ಡಿನ ಫೋಟೊ ತೋರಿಸುವುದು ಇನ್ನೂ ದುರ್ಬಲ.

ಎರಡನೆಯ ಹೆಜ್ಜೆ: ಆಯ್ದ ಕಾರ್ಡನ್ನು ಓದಿ ನೋಡುವುದು

ಮನೆಯಲ್ಲಿ ಎರಡು ಮೂರು ಕಾರ್ಡುಗಳಿದ್ದರೆ ಎಲ್ಲವನ್ನೂ ಹೊರತೆಗೆದು ಬೆಳಕಿನಲ್ಲಿ ಇಟ್ಟು ನೋಡಬೇಕು. ಹಳೆಯ ಮತದಾರರ ಚೀಟಿಯ ಲ್ಯಾಮಿನೇಷನ್ ಒಳಗೆ ನೀರಿಳಿದು ಮುಖವೇ ಮಸುಕಾಗಿರುತ್ತದೆ. ಆಧಾರ್ ಶುರುವಾದ ವರ್ಷಗಳಲ್ಲಿ ತೆಗೆಸಿದ ಭಾವಚಿತ್ರದಲ್ಲಿ ಇಪ್ಪತ್ತರ ಹುಡುಗನಂತೆ ಕಾಣುವವರು ಈಗ ಗಡ್ಡ ಬಿಟ್ಟು, ಕನ್ನಡಕ ಹಾಕಿ, ಗುರುತು ಸಿಗದಷ್ಟು ಬದಲಾಗಿರುತ್ತಾರೆ. ಅಂಚೆ ಕಚೇರಿಯ ಅಥವಾ ಬ್ಯಾಂಕಿನ ಆಧಾರ್ ಕೇಂದ್ರದಲ್ಲಿ ಭಾವಚಿತ್ರವನ್ನು ಹೊಸದಾಗಿ ತೆಗೆಸಿಕೊಳ್ಳಲು ಅವಕಾಶವಿದೆ. ಆದರೆ ಅದು ಒಂದೇ ದಿನದಲ್ಲಿ ಆಗುವ ಕೆಲಸವಲ್ಲವಾದ್ದರಿಂದ ಪ್ರಯಾಣಕ್ಕೆ ಸಾಕಷ್ಟು ಮೊದಲೇ ಕೈಹಾಕಬೇಕು. ಚಾಲನಾ ಪರವಾನಗಿ ಮತ್ತು ಪಾಸ್‌ಪೋರ್ಟುಗಳಿಗೆ ಅವಧಿ ಇರುವುದರಿಂದ ಕೊನೆಯ ದಿನಾಂಕವನ್ನೂ ನೋಡಿಕೊಳ್ಳಬೇಕು.

ಹುಟ್ಟಿದ ದಿನಾಂಕದ ಬಗೆಗೂ ಒಂದು ಮಾತು ಹೇಳಬೇಕು. ಹಿರಿಯ ನಾಗರಿಕರ ರಿಯಾಯಿತಿ ದರದಲ್ಲಿ ಟಿಕೆಟ್ ತೆಗೆಸಿದ್ದರೆ ವಯಸ್ಸನ್ನು ತೋರಿಸುವ ದಾಖಲೆಯನ್ನು ವಿಮಾನ ಕಂಪನಿಯ ಕೌಂಟರಿನಲ್ಲಿ ಕೇಳುತ್ತಾರೆ. ನಮ್ಮ ಹಳ್ಳಿಗಳ ಎಷ್ಟೋ ಹಿರಿಯರ ಆಧಾರಿನಲ್ಲಿ ಬರೀ ಹುಟ್ಟಿದ ವರ್ಷ ಇರುತ್ತದೆ, ಇಲ್ಲವೇ ಜನವರಿ 1 ಎಂದು ಬರೆದಿರುತ್ತದೆ. ಹಳೆಯ ಮತದಾರರ ಚೀಟಿಯಲ್ಲಿ ಯಾವುದೋ ಒಂದು ವರ್ಷಕ್ಕೆ ಇಂತಿಷ್ಟು ವಯಸ್ಸು ಎಂದಷ್ಟೇ ನಮೂದಾಗಿರುತ್ತದೆ. ಒಂದು ಕಾರ್ಡಿನ ಪ್ರಕಾರ ಅರವತ್ತು ತುಂಬಿ ಇನ್ನೊಂದರ ಪ್ರಕಾರ ತುಂಬದೆ ಇರುವುದು ಅಪರೂಪವೇನಲ್ಲ. ಯಾವ ಕಾರ್ಡನ್ನು ತೋರಿಸುತ್ತೀರೋ ಅದರ ಪ್ರಕಾರವೇ ರಿಯಾಯಿತಿ ಕೇಳಬೇಕು. ವಿದ್ಯಾರ್ಥಿಗಳ ಮತ್ತು ಸೈನಿಕರ ರಿಯಾಯಿತಿಗೂ ಇದೇ ನಿಯಮ. ಆ ಟಿಕೆಟ್ಟಿಗೆ ಸಂಬಂಧಪಟ್ಟ ಚೀಟಿ ಕೈಯಲ್ಲಿರಲೇಬೇಕು.

ಮೂರನೆಯ ಹೆಜ್ಜೆ: ಕಾರ್ಡಿನಲ್ಲಿ ಇರುವಂತೆಯೇ ಟಿಕೆಟ್ಟಿನಲ್ಲಿ ಹೆಸರು ಬರೆಸುವುದು

ಇಡೀ ವಿಷಯದಲ್ಲಿ ಹೆಚ್ಚಿನ ಗಮನ ಬೇಕಾಗಿರುವುದು ಇಲ್ಲಿಯೇ. ಬಾಗಿಲಲ್ಲಿ ನಿಂತ ಸಿಬ್ಬಂದಿ ನೋಡುವುದು ಎರಡು ಸಂಗತಿ: ಕಾರ್ಡಿನ ಮುಖ ನಿಮ್ಮದೇ ಹೌದೇ, ಕಾರ್ಡಿನ ಹೆಸರು ಟಿಕೆಟ್ಟಿನ ಹೆಸರೇ ಹೌದೇ. ಮೊದಲನೆಯದರಲ್ಲಿ ತೊಂದರೆ ಬರುವುದು ಕಡಿಮೆ. ಎರಡನೆಯದರಲ್ಲಿ ಬರುತ್ತದೆ, ಏಕೆಂದರೆ ನಮ್ಮ ಕಡೆಯ ಹೆಸರುಗಳ ರಚನೆಯೇ ಅಂಥದ್ದು. ತನ್ನ ಹೆಸರು, ತಂದೆಯ ಅಥವಾ ಗಂಡನ ಹೆಸರು, ಕೊನೆಗೆ ಅಡ್ಡಹೆಸರು ಹೀಗೆ ಮೂರು ಭಾಗ ಸೇರಿ ಪೂರ್ಣ ಹೆಸರಾಗುತ್ತದೆ. ಒಂದೊಂದು ಕಚೇರಿಯವರು ಒಂದೊಂದು ಭಾಗವನ್ನು ಬಿಟ್ಟು ಬರೆದಿರುತ್ತಾರೆ.

ಗಂಗವ್ವ ಮಲ್ಲಪ್ಪ ಪಾಟೀಲ ಎಂಬ ಒಬ್ಬ ತಾಯಿಯ ಉದಾಹರಣೆ ತೆಗೆದುಕೊಳ್ಳೋಣ. ಆಧಾರಿನಲ್ಲಿ ಅವರ ಹೆಸರು ಮೂರೂ ಭಾಗಗಳೊಂದಿಗೆ ಇದೆ. ಮತದಾರರ ಚೀಟಿಯಲ್ಲಿ ಗಂಗವ್ವ ಪಾಟೀಲ ಎಂದಷ್ಟೇ ಇದೆ. ಬ್ಯಾಂಕಿನಲ್ಲಿ ಅಡ್ಡಹೆಸರು ಮೊದಲು ಬಂದು ಪಾಟೀಲ ಗಂಗವ್ವ ಎಂದಾಗಿದೆ. ಇಂಗ್ಲಿಷ್ ಅಕ್ಷರಗಳಿಗೆ ಬಂದರೆ ತೊಡಕು ಇನ್ನೂ ಹೆಚ್ಚು. ಹೆಸರಿನ ಕೊನೆಯ ಒತ್ತಕ್ಷರವನ್ನು ಒಬ್ಬರು ಎರಡು ‘ವಿ’ ಹಾಕಿ ಬರೆದರೆ, ಇನ್ನೊಬ್ಬರು ಎರಡು ‘ಡಬ್ಲ್ಯು’ ಹಾಕಿರುತ್ತಾರೆ, ಮತ್ತೊಬ್ಬರು ಒಂದೇ ಅಕ್ಷರದಲ್ಲಿ ಮುಗಿಸಿರುತ್ತಾರೆ. ಪಾಟೀಲ ಎಂಬಲ್ಲಿ ಒಬ್ಬರಿಗೆ ‘ಐ’, ಒಬ್ಬರಿಗೆ ಎರಡು ‘ಇ’. ಬೆಂಗಳೂರಿನಲ್ಲಿರುವ ಮಗ ಅವ್ವನಿಗೆ ಟಿಕೆಟ್ ತೆಗೆಯುವಾಗ ತನಗೆ ರೂಢಿಯಿರುವ ಕಾಗುಣಿತವನ್ನು ಬರೆದುಬಿಡುತ್ತಾನೆ. ಅದು ಅವ್ವನ ಯಾವ ಕಾರ್ಡಿನಲ್ಲೂ ಇರುವುದಿಲ್ಲ. ಮನೆಯಲ್ಲಿ ಎಲ್ಲರೂ ಕರೆಯುವ ಹೆಸರೇ ಬೇರೆ, ಕಾರ್ಡಿನ ಹೆಸರೇ ಬೇರೆ ಆಗಿರುವ ಹಿರಿಯರೂ ಇದ್ದಾರೆ. ಅಂಥವರಿಗೆ ಮನೆಮಾತಿನ ಹೆಸರಿನಲ್ಲಿ ಟಿಕೆಟ್ ಬಂದರೆ ಅದು ಬೇರೊಬ್ಬರ ಟಿಕೆಟ್ಟಿಗೆ ಸಮ.

ಆದ್ದರಿಂದ ಟಿಕೆಟ್ ತೆಗೆಯುವವರು ಯಾರೇ ಇರಲಿ, ಮಗನೋ, ಊರಿನ ಏಜೆಂಟರೋ, ಅವರ ಮುಂದೆ ಕಾರ್ಡಿನ ಇಂಗ್ಲಿಷ್ ಹೆಸರು ಇರಬೇಕು. ಕಾರ್ಡಿನ ಸ್ಪಷ್ಟವಾದ ಫೋಟೊ ಕಳಿಸಿ, ಅದರಂತೆ ಒಂದೊಂದೇ ಅಕ್ಷರ ನೋಡಿ ಬರೆಯಲು ಹೇಳಬೇಕು. ಫೋನಿನಲ್ಲಿ ಬಾಯಿಮಾತಿನಲ್ಲಿ ಹೆಸರು ಹೇಳಿ ಟಿಕೆಟ್ ತೆಗೆಸುವ ರೂಢಿಯನ್ನು ಬಿಡಬೇಕು. ಆಧಾರ್ ಸಂಖ್ಯೆಯನ್ನು ಹಂಚಿಕೊಳ್ಳಲು ಅಳುಕು ಇದ್ದರೆ, ಕೊನೆಯ ನಾಲ್ಕು ಅಂಕಿಗಳಷ್ಟೇ ಕಾಣುವ ಮಾಸ್ಕ್ ಮಾಡಿದ ಆಧಾರನ್ನು ಇಳಿಸಿಕೊಂಡು ಕಳಿಸಬಹುದು. ಹೆಸರು ನೋಡಲು ಅಷ್ಟು ಸಾಕು.

ಮದುವೆಯಾದ ಹೆಣ್ಣುಮಕ್ಕಳ ಹೆಸರಿನಲ್ಲಿ ಇನ್ನೊಂದು ಸುತ್ತು ಇರುತ್ತದೆ. ಮದುವೆಗೆ ಮೊದಲು ಮಾಡಿಸಿದ ಪ್ಯಾನ್ ಕಾರ್ಡಿನಲ್ಲಿ ತಂದೆಯ ಹೆಸರು ಮತ್ತು ತವರಿನ ಅಡ್ಡಹೆಸರು, ಮದುವೆಯ ನಂತರ ತಿದ್ದಿಸಿದ ಆಧಾರಿನಲ್ಲಿ ಗಂಡನ ಹೆಸರು ಮತ್ತು ಅತ್ತೆಮನೆಯ ಅಡ್ಡಹೆಸರು ಇರುವುದು ಸಾಮಾನ್ಯ. ಎರಡೂ ಸಲ್ಲುವ ದಾಖಲೆಗಳೇ. ತಪ್ಪು ಇರುವುದು ಒಂದರ ಪ್ರಕಾರ ಟಿಕೆಟ್ ತೆಗೆಸಿ ಇನ್ನೊಂದನ್ನು ತೋರಿಸುವುದರಲ್ಲಿ. ಯಾವ ಕಾರ್ಡಿನ ಹೆಸರಿನಲ್ಲಿ ಟಿಕೆಟ್ ಆಗಿದೆಯೋ ಅದೇ ಕಾರ್ಡನ್ನು ಒಯ್ಯಬೇಕು. ಆಧಾರಿನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಬಾರಿ ಅವಕಾಶವಿರುವುದರಿಂದ ಒಂದು ಪ್ರಯಾಣದ ಅವಸರಕ್ಕಾಗಿ ಅದನ್ನು ಖರ್ಚು ಮಾಡಬಾರದು.

ಅಡ್ಡಹೆಸರೇ ಇಲ್ಲದ, ಒಂದೇ ಪದದ ಹೆಸರಿರುವವರಿಗೆ ಟಿಕೆಟ್ಟಿನ ಅರ್ಜಿಯಲ್ಲಿ ತೊಂದರೆಯಾಗುತ್ತದೆ, ಏಕೆಂದರೆ ಕೊನೆಯ ಹೆಸರಿನ ಜಾಗವನ್ನು ಖಾಲಿ ಬಿಡಲು ಅದು ಒಪ್ಪುವುದಿಲ್ಲ. ಅಲ್ಲಿ ಏನು ಬರೆಯಬೇಕೆಂಬ ಪದ್ಧತಿ ಕಂಪನಿಯಿಂದ ಕಂಪನಿಗೆ ಬೇರೆಯಾಗಿರುವುದರಿಂದ, ಕಾರ್ಡಿನಲ್ಲಿ ಇಲ್ಲದ ಅಡ್ಡಹೆಸರನ್ನು ನಾವೇ ಸೇರಿಸದೆ, ಟಿಕೆಟ್ ತೆಗೆಯುವ ಮೊದಲು ಆಯಾ ಕಂಪನಿಯ ಸಹಾಯವಾಣಿಗೆ ಕೇಳಿ ಬರೆಯುವುದು ಕ್ಷೇಮ.

ಟಿಕೆಟ್ ಕೈಗೆ ಬಂದ ಕೂಡಲೇ ಹೆಸರನ್ನು ಮತ್ತೊಮ್ಮೆ ಓದಬೇಕು. ವಿಮಾನ ಕಂಪನಿಯ ಜಾಲತಾಣದಲ್ಲಿ ನೇರವಾಗಿ ತೆಗೆದ ಟಿಕೆಟ್ಟಿನಲ್ಲಿ ಅದೇ ವ್ಯಕ್ತಿಯ ಹೆಸರು ತಪ್ಪಾಗಿದ್ದು, ಅದನ್ನು 24 ಗಂಟೆಯೊಳಗೆ ತಿಳಿಸಿದರೆ, ಹೆಚ್ಚುವರಿ ಶುಲ್ಕವಿಲ್ಲದೆ ಸರಿಪಡಿಸಿ ಕೊಡಬೇಕೆಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮವಿದೆ. ಏಜೆಂಟರಿಂದ ತೆಗೆಸಿದ್ದರೆ ಅವರ ಮೂಲಕವೇ ತಿದ್ದಿಸಬೇಕಾಗುತ್ತದೆ, ಸಮಯವೂ ಹಣವೂ ಹೆಚ್ಚು ಹಿಡಿಯಬಹುದು. ಅಣ್ಣನ ಟಿಕೆಟ್ಟಿನಲ್ಲಿ ತಮ್ಮ ಹೋಗುವಂತೆ ಹೆಸರನ್ನೇ ಬದಲಿಸಲು ಮಾತ್ರ ಅವಕಾಶವಿಲ್ಲ. ತಂದೆಯ ಹೆಸರು ಬಿಟ್ಟುಹೋಗಿದ್ದು ಉಳಿದೆರಡು ಭಾಗ ಸರಿಯಾಗಿದ್ದರೆ ದೇಶದೊಳಗಿನ ಪ್ರಯಾಣದಲ್ಲಿ ಸಾಮಾನ್ಯವಾಗಿ ಬಿಡುತ್ತಾರಾದರೂ, ಸಾಮಾನ್ಯವಾಗಿ ಬಿಡುತ್ತಾರೆ ಎಂಬುದನ್ನು ನಂಬಿ ಇನ್ನೂರು ಕಿಲೋಮೀಟರ್ ಪ್ರಯಾಣ ಮಾಡಿಕೊಂಡು ಬರುವುದು ವಿವೇಕವಲ್ಲ.

ಮೊಬೈಲಿನಲ್ಲಿ ಇರುವ ಕಾರ್ಡು

ಎಂ-ಆಧಾರ್ ಸಲ್ಲುತ್ತದೆಂದು ಸುತ್ತೋಲೆಯೇ ಹೇಳಿದೆ. ದಾಖಲೆಗಳನ್ನು ಮೊಬೈಲಿನಲ್ಲಿ ಇಟ್ಟುಕೊಳ್ಳಲು ಸರ್ಕಾರ ಕೊಟ್ಟಿರುವ ಆ್ಯಪ್ ಆದ ಡಿಜಿಲಾಕರಿನ ಮೂಲಕ ಸಿಗುವ ದಾಖಲೆಗಳನ್ನು ಮೂಲ ದಾಖಲೆಗಳಿಗೆ ಸಮವೆಂದು ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿಯ 2016ರ ನಿಯಮಗಳು ಪರಿಗಣಿಸುತ್ತವೆ. ಆಧಾರ್ ಕೊಡುವ ಗುರುತಿನ ಪ್ರಾಧಿಕಾರದ ಜಾಲತಾಣದಿಂದ ಇಳಿಸಿಕೊಂಡ ಇ-ಆಧಾರಿಗೂ ಅಂಚೆಯಲ್ಲಿ ಬಂದ ಆಧಾರಿನಷ್ಟೇ ಮಾನ್ಯತೆ ಇದೆ. ಇಲ್ಲಿ ಗಮನಿಸಬೇಕಾದದ್ದು, ಆ್ಯಪ್ ಒಳಗೆ ತೆರೆದು ತೋರಿಸುವ ದಾಖಲೆಗೂ ಕ್ಯಾಮೆರಾದಲ್ಲಿ ತೆಗೆದಿಟ್ಟುಕೊಂಡ ಕಾರ್ಡಿನ ಚಿತ್ರಕ್ಕೂ ಇರುವ ವ್ಯತ್ಯಾಸ. ಮೊದಲನೆಯದು ದಾಖಲೆ, ಎರಡನೆಯದು ಬರೀ ಚಿತ್ರ.

ಈ ಆ್ಯಪ್‌ಗಳನ್ನು ತೆರೆಯಲು ಆಧಾರಿಗೆ ಜೋಡಿಸಿದ ಮೊಬೈಲ್ ಸಂಖ್ಯೆಗೆ ಒಟಿಪಿ ಬರುತ್ತದೆ. ಹಿರಿಯರ ಆಧಾರಿಗೆ ಜೋಡಿಸಿರುವುದು ಎಂದೋ ಬಿಟ್ಟುಬಿಟ್ಟ ಹಳೆಯ ನಂಬರ್ ಆಗಿರಬಹುದು, ಇಲ್ಲವೇ ಪುಣೆಯಲ್ಲೋ ಬೆಂಗಳೂರಿನಲ್ಲೋ ಇರುವ ಮಗನ ನಂಬರ್ ಆಗಿರಬಹುದು. ನಿಲ್ದಾಣದ ಬಾಗಿಲಲ್ಲಿ ಸರತಿಯಲ್ಲಿ ನಿಂತು, ಮಗನಿಗೆ ಫೋನ್ ಮಾಡಿ ಒಟಿಪಿ ಕೇಳುವ ಪಾಡು ಬೇಡ. ಮನೆಯಲ್ಲಿ ಇರುವಾಗಲೇ ಆ್ಯಪ್ ತೆರೆದು, ದಾಖಲೆ ಕಾಣುತ್ತದೆಯೇ ಎಂದು ನೋಡಿ, ಇ-ಆಧಾರಿನ ಪಿಡಿಎಫ್ ಕಡತವನ್ನೂ ಇಳಿಸಿ ಇಟ್ಟುಕೊಳ್ಳಬೇಕು. ಆ ಕಡತ ತೆರೆಯಲು ಬೇಕಾದ ಪಾಸ್‌ವರ್ಡ್, ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರಗಳು ಮತ್ತು ಹುಟ್ಟಿದ ಇಸವಿ. ಬ್ಯಾಟರಿ ಮುಗಿದ ಫೋನಿನಲ್ಲಿ ಯಾವ ದಾಖಲೆಯೂ ಇರುವುದಿಲ್ಲವಾದ್ದರಿಂದ, ಮೊಬೈಲಿನ ಕಾರ್ಡನ್ನು ಎರಡನೆಯ ಆಸರೆಯಾಗಿ ಇಟ್ಟುಕೊಂಡು ಕೈಯಲ್ಲಿ ಒಂದು ನಿಜವಾದ ಕಾರ್ಡನ್ನು ಒಯ್ಯುವುದೇ ಸರಿ ಎಂದು ನನ್ನ ಅಭಿಪ್ರಾಯ.

ಮುಖ ನೋಡಿ ಬಾಗಿಲು ತೆರೆಯುವ ಡಿಜಿ ಯಾತ್ರಾ ವ್ಯವಸ್ಥೆ 2022ರ ಡಿಸೆಂಬರಿನಲ್ಲಿ ದೆಹಲಿ, ಬೆಂಗಳೂರು, ವಾರಾಣಸಿ ನಿಲ್ದಾಣಗಳಲ್ಲಿ ಶುರುವಾಗಿ ಆಮೇಲೆ ಬೇರೆ ನಿಲ್ದಾಣಗಳಿಗೂ ಹರಡಿತು. ಅದಕ್ಕೆ ನೋಂದಾಯಿಸಿಕೊಳ್ಳುವುದು ಕಡ್ಡಾಯವಲ್ಲ. ಬೆಂಗಳೂರಿನಿಂದ ಮರಳಿ ಬರುವಾಗ ಅದರಿಂದ ಸಮಯ ಉಳಿಯುತ್ತದೆ ನಿಜ. ಆದರೂ ಕಾರ್ಡನ್ನು ಮನೆಯಲ್ಲಿ ಬಿಟ್ಟು ಹೋಗಲು ಅದು ಕಾರಣವಾಗಬಾರದು.

ಮಕ್ಕಳಿದ್ದರೆ

ತಂದೆತಾಯಿಯ ಅಥವಾ ಪೋಷಕರ ಜೊತೆಯಲ್ಲಿ ಹೋಗುವ ಮಕ್ಕಳಿಗೆ ಪ್ರತ್ಯೇಕ ಗುರುತಿನ ಚೀಟಿ ಬೇಕಿಲ್ಲ. ಜೊತೆಗಿರುವ ದೊಡ್ಡವರ ಚೀಟಿಯೇ ಸಾಕು. ಆದರೆ ಎರಡು ವರ್ಷ ತುಂಬದ ಕೂಸಿಗೆ ಬೇರೆ ದರ ಇರುವುದರಿಂದ ವಯಸ್ಸಿನ ದಾಖಲೆಯನ್ನು ವಿಮಾನ ಕಂಪನಿಯವರು ಕೇಳುತ್ತಾರೆ. ಜನನ ಪ್ರಮಾಣಪತ್ರ, ಲಸಿಕೆಯ ಕಾರ್ಡ್ ಅಥವಾ ಐದು ವರ್ಷದೊಳಗಿನವರಿಗೆ ಕೊಡುವ ನೀಲಿ ಬಣ್ಣದ ಬಾಲ ಆಧಾರ್ ಇದ್ದರೆ ಆಯಿತು. ಹೋಗುವ ದಿನಕ್ಕೆ ಎರಡು ತುಂಬದೆ, ಬರುವ ದಿನಕ್ಕೆ ತುಂಬುವ ಮಗುವಿಗೆ ಬರುವಾಗ ಪೂರ್ತಿ ಆಸನದ ಟಿಕೆಟ್ ಬೇಕಾಗುತ್ತದೆ. ಬೇಸಿಗೆ ರಜೆಯಲ್ಲಿ ಅಜ್ಜ ಅಜ್ಜಿಯ ಜೊತೆ ಮೊಮ್ಮಕ್ಕಳನ್ನು ಕಳಿಸುವವರು ಮಗುವಿನ ಆಧಾರನ್ನೂ, ತಂದೆತಾಯಿಯ ಸಹಿ ಮತ್ತು ಫೋನ್ ಸಂಖ್ಯೆ ಇರುವ ಒಂದು ಪತ್ರವನ್ನೂ ಕೊಟ್ಟು ಕಳಿಸುವುದು ಒಳ್ಳೆಯದು. ನಿಯಮ ಅದನ್ನು ಎಲ್ಲ ಸಂದರ್ಭದಲ್ಲೂ ಕೇಳುವುದಿಲ್ಲ, ಆದರೆ ಪ್ರಶ್ನೆ ಬಂದರೆ ಹಿರಿಯರು ಗಾಬರಿಯಾಗುವುದಿಲ್ಲ. ಮಗು ಒಂಟಿಯಾಗಿ ಹೋಗುವುದಿದ್ದರೆ ಕಂಪನಿಯ ಪ್ರತ್ಯೇಕ ಅರ್ಜಿ ಮತ್ತು ಶುಲ್ಕ ಇರುತ್ತವೆ, ಟಿಕೆಟ್ ತೆಗೆಸುವಾಗಲೇ ವಿಚಾರಿಸಬೇಕು.

ವಿದೇಶಕ್ಕೆ ಹೊರಟವರಿಗೆ

ಸಾಂಬ್ರಾದಿಂದ ಬೆಂಗಳೂರು, ಮುಂಬೈ ಅಥವಾ ಹೈದರಾಬಾದಿಗೆ ಹೋಗಿ ಅಲ್ಲಿಂದ ವಿದೇಶದ ವಿಮಾನ ಹಿಡಿಯುವವರು ಎಲ್ಲ ಟಿಕೆಟ್‌ಗಳನ್ನೂ ಪಾಸ್‌ಪೋರ್ಟಿನ ಹೆಸರಿನಂತೆಯೇ ತೆಗೆಸಬೇಕು. ಇಲ್ಲಿ ಒಂದು ಅಕ್ಷರದ ವ್ಯತ್ಯಾಸಕ್ಕೂ ರಿಯಾಯಿತಿ ನಿರೀಕ್ಷಿಸುವಂತಿಲ್ಲ. ಹಲವು ದೇಶಗಳು ಪಾಸ್‌ಪೋರ್ಟಿಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕೆಂದು ಕೇಳುತ್ತವೆ. ಹತ್ತನೆಯ ತರಗತಿ ಪಾಸಾಗದೆ ಕೊಲ್ಲಿ ದೇಶಗಳಿಗೆ ಕೆಲಸಕ್ಕೆ ಹೋಗುವವರ ಪಾಸ್‌ಪೋರ್ಟಿಗೆ ವಲಸೆ ಅನುಮತಿಯ ಅಗತ್ಯವಿರುತ್ತದೆ. ಅದಿಲ್ಲದೆ ಏಜೆಂಟರ ಮಾತು ನಂಬಿ ನಿಲ್ದಾಣಕ್ಕೆ ಹೋದರೆ ವಲಸೆ ಕೌಂಟರಿನಲ್ಲಿ ತಡೆಯುತ್ತಾರೆ.

ನೇಪಾಳಕ್ಕೆ ಯಾತ್ರೆ ಹೋಗುವವರು ಒಂದು ಮಾತು ತಿಳಿದಿರಬೇಕು. ವಿಮಾನದಲ್ಲಿ ಅಲ್ಲಿಗೆ ಹೋಗಲು ಭಾರತೀಯರಿಗೆ ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಬೇಕು. ಆಧಾರ್ ಸಲ್ಲುವುದು 15 ವರ್ಷದೊಳಗಿನವರಿಗೆ ಮತ್ತು 65 ದಾಟಿದವರಿಗೆ ಮಾತ್ರ. ಪಶುಪತಿನಾಥನ ದರ್ಶನಕ್ಕೆಂದು ಇಡೀ ಓಣಿಯವರು ಸೇರಿ ಹೊರಟಾಗ, ಐವತ್ತರ ಆಸುಪಾಸಿನವರೂ ದೇಶದೊಳಗಿನ ರೂಢಿಯಂತೆ ಆಧಾರ್ ಮಾತ್ರ ಹಿಡಿದು ಬಂದಿರುವುದುಂಟು. ಅಂಥವರು ಮತದಾರರ ಚೀಟಿಯನ್ನು ಹುಡುಕಿಟ್ಟುಕೊಳ್ಳಬೇಕು.

ಹೊರಡುವ ಹಿಂದಿನ ರಾತ್ರಿ ಮತ್ತು ನಿಲ್ದಾಣದಲ್ಲಿ

ರಾತ್ರಿ ಚೀಲ ಕಟ್ಟುವಾಗ ಕಾರ್ಡನ್ನು ದೊಡ್ಡ ಸೂಟ್‌ಕೇಸಿನಲ್ಲಿ ಇಡಬಾರದು. ಅದು ಕೌಂಟರಿನಲ್ಲಿ ಕೈಬಿಟ್ಟು ಹೋಗುವ ಚೀಲ; ಆಮೇಲೆ ಭದ್ರತಾ ತಪಾಸಣೆಯಲ್ಲಿ ಕಾರ್ಡು ಕೇಳಿದರೆ ಅದು ಆಗಲೇ ವಿಮಾನದ ಹೊಟ್ಟೆ ಸೇರಿರುತ್ತದೆ. ಅಂಗಿಯ ಜೇಬು, ಹೆಗಲ ಚೀಲದ ಹೊರ ಜೇಬು ಅಥವಾ ಸೊಂಟದ ಸಂಚಿಯಲ್ಲಿ ಕಾರ್ಡು ಮತ್ತು ಟಿಕೆಟ್ಟಿನ ಮುದ್ರಿತ ಪ್ರತಿ ಒಟ್ಟಿಗೆ ಇರಲಿ. ಪ್ರಯಾಣ ಮಾಡುವ ಪ್ರತಿಯೊಬ್ಬರ ಕಾರ್ಡು ಅವರವರ ಬಳಿಯೇ ಇರಬೇಕು. ಬೀಳ್ಕೊಡಲು ಬಂದವರನ್ನು ಒಳಗೆ ಬಿಡುವುದಿಲ್ಲ. ಅಪ್ಪನ ಆಧಾರ್ ಕಾರು ಓಡಿಸಿಕೊಂಡು ಬಂದ ಮಗನ ಪರ್ಸಿನಲ್ಲಿ ಉಳಿದು, ಮಗ ಸಾಂಬ್ರಾ ದಾಟಿ ನೇಸರಗಿಯ ಹಾದಿ ಹಿಡಿದಿರುವಾಗ ಅಪ್ಪ ಒಳಗೆ ಜೇಬು ತಡಕುವಂತೆ ಆಗಬಾರದು.

ನಿಲ್ದಾಣ ಬೆಳಗಾವಿಯಿಂದ ಪೂರ್ವಕ್ಕೆ, ಬಾಗಲಕೋಟೆ ರಸ್ತೆಯಲ್ಲಿ, ನಗರದಿಂದ ಸುಮಾರು 10 ಕಿಲೋಮೀಟರ್ ದೂರದಲ್ಲಿದೆ. ಯರಗಟ್ಟಿಯ ಕಡೆಯಿಂದ ಬರುವವರಿಗೆ ಊರಿಗಿಂತ ಮೊದಲೇ ಸಿಗುತ್ತದೆ. ನಗರಕ್ಕೆ ಹೋಗಿ ಮರಳಬೇಕಿಲ್ಲ. ದೇಶದೊಳಗಿನ ವಿಮಾನಗಳಿಗೆ ದೊಡ್ಡ ಚೀಲ ಕೊಟ್ಟು ವಿಮಾನ ಹತ್ತುವ ಚೀಟಿಯಾದ ಬೋರ್ಡಿಂಗ್ ಪಾಸ್ ಪಡೆಯುವ ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ ಹೊರಡುವ ಒಂದು ಗಂಟೆ ಮೊದಲೇ ಮುಚ್ಚುತ್ತದೆ. ಆದ್ದರಿಂದ ಎರಡು ಗಂಟೆ ಮೊದಲು ಬಾಗಿಲಲ್ಲಿರುವಂತೆ ಹೊರಡಬೇಕು.

ಕಾರ್ಡು ಮತ್ತು ಟಿಕೆಟ್ ತೋರಿಸುವ ಮೊದಲ ಜಾಗ ಟರ್ಮಿನಲ್ಲಿನ ಬಾಗಿಲು. ಆಮೇಲೆ ವಿಮಾನ ಕಂಪನಿಯ ಕೌಂಟರಿನಲ್ಲಿ ದೊಡ್ಡ ಚೀಲ ಕೊಟ್ಟು ಬೋರ್ಡಿಂಗ್ ಪಾಸ್ ಪಡೆಯುವಾಗ ಮತ್ತೊಮ್ಮೆ ಕೇಳುತ್ತಾರೆ. ಅಲ್ಲಿಂದ ಭದ್ರತಾ ತಪಾಸಣೆಗೆ ಹೋಗುವಾಗಲೂ ಬೋರ್ಡಿಂಗ್ ಪಾಸ್ ಜೊತೆಗೆ ಕಾರ್ಡು ಕೈಯಲ್ಲಿರಲಿ. ತಪಾಸಣೆಯಲ್ಲಿ ಕೈಚೀಲ, ಮೊಬೈಲ್, ಬೆಲ್ಟ್, ಲ್ಯಾಪ್‌ಟಾಪ್ ಎಲ್ಲವನ್ನೂ ಟ್ರೇಯಲ್ಲಿ ಇಟ್ಟು ಎಕ್ಸ್-ರೇ ಯಂತ್ರದೊಳಗೆ ಕಳಿಸಿ, ನಾವು ಲೋಹ ಶೋಧಕದ ಚೌಕಟ್ಟಿನ ಮೂಲಕ ಹಾಯಬೇಕು. ಹೆಣ್ಣುಮಕ್ಕಳನ್ನು ಪರದೆಯ ಒಳಗೆ ಮಹಿಳಾ ಸಿಬ್ಬಂದಿಯೇ ತಪಾಸಣೆ ಮಾಡುತ್ತಾರೆ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಚೌಕಟ್ಟು ಹಾಯುವ ಮೊದಲೇ ತಿಳಿಸಿ ವೈದ್ಯರ ಚೀಟಿ ತೋರಿಸಬೇಕು. ಟ್ರೇಯಲ್ಲಿ ಕಾರ್ಡನ್ನು ಬಿಡಿಯಾಗಿ ಹಾಕದೆ ಚೀಲದೊಳಗೆ ಹಾಕಿ ಕಳಿಸಿದರೆ ಆಚೆ ಬದಿಯಲ್ಲಿ ಮರೆಯುವ ಭಯವಿಲ್ಲ.

ಕೈಚೀಲದಲ್ಲಿ ಇರಬಾರದ ವಸ್ತುಗಳ ಪಟ್ಟಿ ಉದ್ದವಾಗಿದೆ, ಆದರೆ ನಮ್ಮ ಹಿರಿಯರ ಬಳಿ ಸಿಗುವಂಥವು ಕೆಲವೇ. ಎಲೆ ಅಡಿಕೆಯ ಸಂಚಿಯಲ್ಲಿನ ಅಡಕೊತ್ತು ಹರಿತವಾದ ವಸ್ತುವೆಂದು ತೆಗೆಸುತ್ತಾರೆ. ತಲೆಮಾರಿನಿಂದ ಬಂದ ಹಿತ್ತಾಳೆಯ ಅಡಕೊತ್ತು ಹೀಗೆ ಕೈಬಿಟ್ಟು ಹೋಗುವುದು ನೋವಿನ ಸಂಗತಿ. ಅದನ್ನು ಮನೆಯಲ್ಲೇ ಬಿಡಬೇಕು ಅಥವಾ ದೊಡ್ಡ ಚೀಲದಲ್ಲಿ ಹಾಕಬೇಕು. ಬೆಂಕಿಪೆಟ್ಟಿಗೆ ಮತ್ತು ಲೈಟರ್ ಎರಡೂ ಚೀಲಗಳಿಗೆ ಬೇಡ. ಒಣ ಕೊಬ್ಬರಿಯಲ್ಲಿ ಎಣ್ಣೆಯ ಅಂಶ ಹೆಚ್ಚಿದ್ದು, ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದಾದ ವಸ್ತುಗಳ ವರ್ಗಕ್ಕೆ ಸೇರಿರುವುದರಿಂದ 2022ರಿಂದ ಅದನ್ನು ಕೌಂಟರಿಗೆ ಕೊಡುವ ಚೀಲದಲ್ಲಿ ಬಿಡುತ್ತಿಲ್ಲ. ಮಗಳ ಮನೆಗೆಂದು ಕೊಬ್ಬರಿ ಬಟ್ಟಲು ಕಟ್ಟುವವರು ಇದನ್ನು ನೆನಪಿಡಬೇಕು. ಕರದಂಟು, ಕುಂದಾಗಳಿಗೆ ಅಡ್ಡಿಯಿಲ್ಲ. ಪವರ್ ಬ್ಯಾಂಕ್ ಮಾತ್ರ ಕೈಚೀಲದಲ್ಲಿಯೇ ಇರಬೇಕು, ದೊಡ್ಡ ಚೀಲದಲ್ಲಿ ಹಾಕಬಾರದು.

ಬೆಂಗಳೂರಿನಲ್ಲಿ ಇಳಿದು ಬೇರೊಂದು ಟಿಕೆಟ್ಟಿನಲ್ಲಿ ಮುಂದಿನ ವಿಮಾನ ಹಿಡಿಯುವವರು ಹೊರಗೆ ಬಂದು ಮತ್ತೆ ಒಳಹೋಗಬೇಕಾಗುತ್ತದೆ. ಅಲ್ಲಿ ಇಡೀ ಪರಿಶೀಲನೆ ಇನ್ನೊಮ್ಮೆ ನಡೆಯುತ್ತದೆ.

ಯಾವ ಕಾರ್ಡೂ ಇಲ್ಲದಿದ್ದರೆ, ಅಥವಾ ಕಳೆದುಹೋದರೆ

ಸಕಾರಣವಾಗಿ ಪಟ್ಟಿಯ ಯಾವ ದಾಖಲೆಯನ್ನೂ ತೋರಿಸಲಾಗದವರಿಗೆ ಸುತ್ತೋಲೆ ಒಂದು ದಾರಿ ಇಟ್ಟಿದೆ. ಕೇಂದ್ರ ಅಥವಾ ರಾಜ್ಯ ಸರ್ಕಾರದ ‘ಎ’ ಗುಂಪಿನ ಗೆಜೆಟೆಡ್ ಅಧಿಕಾರಿ ಕೊಟ್ಟ, ಪ್ರಯಾಣಿಕರ ದೃಢೀಕರಿಸಿದ ಭಾವಚಿತ್ರವಿರುವ ಗುರುತಿನ ಪ್ರಮಾಣಪತ್ರ ನಡೆಯುತ್ತದೆ. ಪಂಚಾಯಿತಿಯ ಪಿಡಿಒ ಅಥವಾ ಗ್ರಾಮ ಆಡಳಿತಾಧಿಕಾರಿ (ಹಿಂದಿನ ಗ್ರಾಮ ಲೆಕ್ಕಾಧಿಕಾರಿ) ಕೊಟ್ಟ ಪತ್ರ ಇದಕ್ಕೆ ಸಾಲದು. ಉಪವಿಭಾಗಾಧಿಕಾರಿ ಈ ದರ್ಜೆಯವರು. ಅವರ ಕಚೇರಿಗಳು ಬೆಳಗಾವಿ, ಬೈಲಹೊಂಗಲ, ಚಿಕ್ಕೋಡಿ, ಬಾಗಲಕೋಟೆ, ಜಮಖಂಡಿ, ವಿಜಯಪುರ ಮತ್ತು ಇಂಡಿಯಲ್ಲಿವೆ. ಇದು ಅರ್ಜಿ ಕೊಟ್ಟು ಕಾಯಬೇಕಾದ ಕೆಲಸವಾದ್ದರಿಂದ ಹಿಂದಿನ ದಿನ ನೆನಪಾದರೆ ಉಪಯೋಗಕ್ಕೆ ಬರುವುದಿಲ್ಲ.

ಪ್ರಯಾಣಕ್ಕೆ ಮೊದಲೇ ಆಧಾರ್ ಕಳೆದಿದ್ದು ನೋಂದಾಯಿತ ಮೊಬೈಲ್ ಸಂಖ್ಯೆ ಕೈಯಲ್ಲಿದ್ದರೆ ಗಾಬರಿಗೆ ಕಾರಣವಿಲ್ಲ. ಇ-ಆಧಾರ್ ಇಳಿಸಿಕೊಂಡು ಬಣ್ಣದಲ್ಲಿ ಮುದ್ರಿಸಿಕೊಂಡರೆ ಸಾಕು. ಸಂಖ್ಯೆಯೇ ಮರೆತಿದ್ದರೆ 1947 ಸಹಾಯವಾಣಿಗೆ ಕರೆ ಮಾಡಿ ಕನ್ನಡದಲ್ಲಿಯೇ ಕೇಳಬಹುದು. ಪರ ಊರಿನಲ್ಲಿ ಪರ್ಸ್ ಸಮೇತ ಎಲ್ಲ ಕಾರ್ಡು ಕಳೆದರೆ ಹತ್ತಿರದ ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟು ಅದರ ಪ್ರತಿ ಪಡೆಯಬೇಕು, ಆದರೆ ಆ ಪ್ರತಿಯನ್ನೇ ಗುರುತಿನ ದಾಖಲೆಯೆಂದು ತಿಳಿಯಬಾರದು. ಮನೆಯಲ್ಲಿ ಉಳಿದ ಮತದಾರರ ಚೀಟಿಯನ್ನೋ ಪ್ಯಾನ್ ಕಾರ್ಡನ್ನೋ ಕೊರಿಯರ್‌ನಲ್ಲಿ ತರಿಸಿಕೊಳ್ಳುವಷ್ಟು ದಿನಗಳಿದ್ದರೆ ತರಿಸಿಕೊಳ್ಳಬೇಕು. ಅಷ್ಟು ಸಮಯವಿಲ್ಲದಿದ್ದರೆ ಡಿಜಿಲಾಕರ್ ತೆರೆದು, ವಿಮಾನ ಕಂಪನಿಯ ಕೌಂಟರಿಗೆ ಬೇಗನೆ ಹೋಗಿ, ದೂರಿನ ಪ್ರತಿಯನ್ನೂ ಮೊಬೈಲಿನ ದಾಖಲೆಯನ್ನೂ ಒಟ್ಟಿಗೆ ತೋರಿಸಬೇಕು. ಮನೆಯಿಂದ ತರಿಸಿದ ಕಾರ್ಡಿನಲ್ಲಿ ಹೆಸರು ಬೇರೆ ರೀತಿಯಲ್ಲಿದ್ದರೆ, ಮರಳುವ ಟಿಕೆಟ್ಟಿನ ಹೆಸರಿನ ಬಗ್ಗೆ ಅಂದೇ ಕಂಪನಿಯವರೊಂದಿಗೆ ಮಾತನಾಡಿ ಬಗೆಹರಿಸಿಕೊಳ್ಳಬೇಕು.